ಶ್ರೀರಂಗಪಟ್ಟಣದ ಹಳೆಯ ಮನೆಗಳು ಕಲಿಸಿದ ಪಾಠ

ಶತಮಾನೋತ್ಸವದ ಸಿದ್ಧತೆಗಳ ನಡುವೆ, ಕಳೆದ ಬೇಸಿಗೆಯಲ್ಲಿ, ನಮ್ಮ ಧರ್ಮಕೇಂದ್ರದ ಯುವಕ ಯುವತಿಯರನ್ನು ಕರೆದುಕೊಂಡು ನಾವು ಶ್ರೀರಂಗಪಟ್ಟಣಕ್ಕೆ ಹೋಗಿದ್ದೆವು. ಸ್ಮರಣ ಸಂಚಿಕೆಯನ್ನು ಹೊರತರಲು ಹೊರಟವರು ಮೊದಲು ಇತಿಹಾಸವನ್ನು ನೋಡುವ ಬಗೆಯನ್ನು ಕಲಿಯಬೇಕೆಂಬುದು ನಮ್ಮ ಉದ್ದೇಶ. ಪುಸ್ತಕಗಳು ಅರಸರ ಯುದ್ಧಗಳನ್ನೂ ಸಂಧಿಗಳನ್ನೂ ತಿಳಿಸುತ್ತವೆ. ಮನುಷ್ಯರು ಬಾಳಿದ ಬಗೆಯನ್ನು ತಿಳಿಯಬೇಕಾದರೆ ಅವರ ಮನೆಯ ಹೊಸ್ತಿಲನ್ನೇ ದಾಟಬೇಕು.

ಮೊದಲು ಹೊಕ್ಕದ್ದು ದರಿಯಾ ದೌಲತ್. ಟೀಪೂ ಸುಲ್ತಾನನ ಈ ಬೇಸಿಗೆ ಅರಮನೆ 1784ರ ಸುಮಾರಿಗೆ ಪೂರ್ಣಗೊಂಡಿತು. ಎತ್ತರದ ಜಗಲಿಯ ಮೇಲೆ ನಿಂತಿರುವ ಈ ಸೌಧದಲ್ಲಿ ಕಲ್ಲಿಗಿಂತ ತೇಗದ ಮರದ ಕಂಬ ತೊಲೆಗಳದೇ ಸೊಬಗು. ಅದರ ಪಶ್ಚಿಮದ ಗೋಡೆಯಲ್ಲಿ 1780ರ ಪೊಳ್ಳಿಲೂರು ಕಾಳಗದ ಭಿತ್ತಿಚಿತ್ರವಿದೆ. ಹೈದರಾಲಿ ಮತ್ತು ಟೀಪೂವಿನ ಸೈನ್ಯಕ್ಕೆ ಸೋತ ಕರ್ನಲ್ ಬೇಲಿ ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚಿಕೊಳ್ಳುತ್ತಿದ್ದಾನೆ. ಸೆರೆಯಾದ ಆತ 1782ರಲ್ಲಿ ಇದೇ ಪಟ್ಟಣದಲ್ಲಿ ಪ್ರಾಣಬಿಟ್ಟನು.

ವಿಧಿಯ ವಿಲಾಸವನ್ನು ನೋಡಿರಿ. 1799ರ ಮೇ 4ರಂದು ಕೋಟೆ ಬಿದ್ದು ಟೀಪೂ ಮಡಿದ ಮೇಲೆ ಈ ಮನೆಯಲ್ಲಿ ವಾಸಕ್ಕೆ ಬಂದವನು ಗೆದ್ದ ಪಕ್ಷದ ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಮುಂದೆ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲಿಂಗ್‌ಟನ್ ಪ್ರಭು. ತನ್ನವರ ಸೋಲನ್ನು ಸಾರುವ ಆ ಚಿತ್ರವನ್ನು ಆತ ಅಳಿಸಲಿಲ್ಲ, ಕೆಟ್ಟುಹೋಗಿದ್ದುದನ್ನು ಸರಿಪಡಿಸಿದನು. ಅರ್ಧ ಶತಮಾನದ ಬಳಿಕ ಅದು ಮತ್ತೆ ಮಾಸಿದಾಗ ಗವರ್ನರ್ ಜನರಲ್ ಡಾಲ್‌ಹೌಸಿ ಪುನಃ ಬರೆಯಿಸಿದನು. ವೈರಿಯ ನೆನಪನ್ನೂ ಕಾಪಾಡುವ ಔದಾರ್ಯವೊಂದಿದೆ. ಅದನ್ನು ಯಾರಿಂದ ಕಲಿತರೂ ಕಲಿಕೆಯೇ ಸರಿ.

ಆ ಸೇನಾನಿಯ ಬಾಳಿನ ಇನ್ನೊಂದು ಪುಟವನ್ನು ಮಾತ್ರ ಯಾವ ಗೋಡೆಯೂ ತೋರಿಸುವುದಿಲ್ಲ. 1800ರಲ್ಲಿ ಧೋಂಡಿಯಾ ವಾಘನನ್ನು ಬೆನ್ನಟ್ಟಿ ಕೊಂದಾಗ, ಸೋತವರ ಸಾಮಾನು ಸರಂಜಾಮಿನ ನಡುವೆ ನಾಲ್ಕು ವರ್ಷದ ಬಾಲಕನೊಬ್ಬನು ಸಿಕ್ಕಿದನು. ಸಲಾಬತ್ ಖಾನನೆಂಬ ಆ ಮಗುವನ್ನು ವೆಲ್ಲೆಸ್ಲಿ ಸಾಕಿದನು. ತಾಯ್ನಾಡಿಗೆ ಹೊರಟಾಗ ಅವನ ಪೋಷಣೆಗೆ ಹಣವಿಟ್ಟುಹೋದನು. ಹುಡುಗ ಬೆಳೆದು ಮೈಸೂರು ಮಹಾರಾಜರ ಸೇವೆಗೆ ಸೇರಿ 1822ರಲ್ಲಿ ಕಾಲರಾ ಬೇನೆಯಿಂದ ತೀರಿಕೊಂಡನು. ತಂದೆಯನ್ನು ಕೊಂದ ಕೈಯೇ ಮಗನಿಗೆ ಅನ್ನವಿಕ್ಕಿತು. ಆ ಬಾಲಕನ ಮನಸ್ಸಿನಲ್ಲಿ ಏನಿತ್ತೋ ದೇವರೇ ಬಲ್ಲನು.

ಅಲ್ಲಿಂದ ಕಾವೇರಿಯ ದಡದ ಸ್ಕಾಟ್ ಬಂಗಲೆಗೆ ಬಂದೆವು. ಇದರ ಕತೆಯನ್ನು ಪಟ್ಟಣದಲ್ಲಿ ಎಲ್ಲರೂ ಹೇಳುತ್ತಾರೆ. ಸೇನಾಧಿಕಾರಿ ಸ್ಕಾಟ್ ದೊರೆ ಮನೆಗೆ ಮರಳಿದಾಗ ಹೆಂಡತಿ ಮಕ್ಕಳು ಕಾಲರಾದಿಂದ ಸತ್ತು ಮಲಗಿದ್ದರಂತೆ. ದುಃಖ ತಾಳಲಾರದೆ ಆತ ಹೊಳೆಗೆ ಇಳಿದು ಮಾಯವಾದನಂತೆ. ಮನೆಯನ್ನು ಇದ್ದಂತೆಯೇ ಬಿಡಬೇಕೆಂದು ಮಹಾರಾಜರು ಅಪ್ಪಣೆ ಮಾಡಿದರಂತೆ. ದಾಖಲೆ ಹೇಳುವುದೇ ಬೇರೆ. ಅವನ ಪತ್ನಿ ಕೆರೊಲಿನ್ ಇಸಾಬೆಲ್ಲಾ 1817ರಲ್ಲಿ ಹೆರಿಗೆಯ ವೇಳೆ ಮೃತಳಾಗಿ ಪಟ್ಟಣದ ದಂಡಿನ ಸ್ಮಶಾನದಲ್ಲಿ ಮಣ್ಣಾದಳು. ಬರವಣಿಗೆ ಕೈಗೆ ಸಿಗದಿದ್ದಲ್ಲಿ ಕತೆ ಬಳ್ಳಿಯಂತೆ ಹಬ್ಬುತ್ತದೆ. ಕತೆಯೂ ಸುಂದರವೇ, ಆದರೆ ಹೆರಿಗೆಯ ನೋವಿನಲ್ಲಿ ಪ್ರಾಣಬಿಟ್ಟ ಆ ತಾಯಿ ಕತೆಯ ಸೊಬಗಿನಲ್ಲಿ ಮರೆಯಾಗಿಹೋದಳು.

ಕೊನೆಗೆ ಗಂಜಾಮಿನ ಅಮಲೋದ್ಭವ ಮಾತೆಯ ದೇವಾಲಯ. ಇಲ್ಲಿ ಮೊಣಕಾಲೂರುವ ನಮಗೆ ಒಂದು ಹಳೆಯ ಗಾಯದ ನೆನಪಾಗುತ್ತದೆ. ಯುದ್ಧದಲ್ಲಿ ಆಂಗ್ಲರಿಗೆ ನೆರವಾದರೆಂಬ ಸಂಶಯದ ಮೇಲೆ 1784ರಲ್ಲಿ ಕೆನರಾ ಕರಾವಳಿಯ ಸಹಸ್ರಾರು ಕ್ರೈಸ್ತರನ್ನು ಸೆರೆಹಿಡಿದು, ಘಟ್ಟ ಹತ್ತಿಸಿ ಈ ಪಟ್ಟಣಕ್ಕೆ ತಂದರು. ದಾರಿಯಲ್ಲಿ ಅಳಿದವರು, ಸೆರೆಯಲ್ಲಿ ಅಳಿದವರು ಎಷ್ಟೋ ಮಂದಿ. ಸೆರೆಯ ಬಾಗಿಲು ತೆರೆದದ್ದು ಹದಿನೈದು ವರ್ಷಗಳ ನಂತರ. ಮರಾಠರ ದಂಡು ಲೂಟಿಮಾಡಿದ ಶೃಂಗೇರಿ ಮಠಕ್ಕೆ 1791ರಲ್ಲಿ ನೆರವು ಕಳುಹಿಸಿದವನೂ ಇದೇ ಟೀಪೂವೆಂಬುದನ್ನು ಯುವಜನರಿಗೆ ನಾವು ತಿಳಿಸಿದೆವು. ಇತಿಹಾಸವನ್ನು ಓದುವವನು ಎರಡು ಕಣ್ಣುಗಳನ್ನೂ ತೆರೆದಿರಬೇಕು.

ಉಳಿದ ಕ್ರೈಸ್ತರ ಕರೆಗೆ ಓಗೊಟ್ಟು ಬಂದವರು ಫ್ರಾನ್ಸ್ ದೇಶದ ಗುರು ಅಬ್ಬೆ ದ್ಯುಬುವಾ. ಚದುರಿದ್ದ ಮಂದೆಯನ್ನು ಒಟ್ಟುಗೂಡಿಸಿ 1800ರಲ್ಲಿ ಅವರು ಕಟ್ಟಿದ ದೇವಾಲಯವಿದು. ನಾಡಿನ ಜನರ ಉಡುಗೆ ಊಟಗಳನ್ನೇ ತಮ್ಮದಾಗಿಸಿಕೊಂಡರು. ಸಿಡುಬಿನ ವಿರುದ್ಧ ಹಳ್ಳಿಹಳ್ಳಿಗಳಲ್ಲಿ ದೇವಿ ಹಾಕಿಸಿದರು. 1803-04ರಲ್ಲಿ ಹಾಗೆ ದೇವಿ ಹಾಕಿಸಿಕೊಂಡವರ ಸಂಖ್ಯೆ 25,432. ಹಿಂದೂ ಜನರ ಆಚಾರ ವಿಚಾರಗಳನ್ನು ಕುರಿತ ಅವರ ಗ್ರಂಥ ಜಗತ್ಪ್ರಸಿದ್ಧ. ಆದರೆ ಆ ಗ್ರಂಥದ ಬಹುಭಾಗ ಅವರಿಗಿಂತ ಹಿಂದಿನ ಯೇಸುಸಭೆಯ ಗುರು ಕೂರ್ದೂ ಎಂಬವರ ಹಸ್ತಪ್ರತಿಯಿಂದ ಬಂದುದೆಂದು 1987ರಲ್ಲಿ ಫ್ರೆಂಚ್ ವಿದುಷಿ ಸಿಲ್ವಿಯಾ ಮುರ್ ತೋರಿಸಿಕೊಟ್ಟರು. ಪೂಜ್ಯರ ಸೇವೆಯನ್ನು ಗೌರವಿಸುವ ನಾವು ಈ ಸತ್ಯವನ್ನೂ ಮರೆಮಾಡಲಾರೆವು. ಒಬ್ಬರ ಹೆಸರು ಉಳಿಯಿತು. ದುಡಿದ ಇನ್ನೊಬ್ಬರ ಹೆಸರು ಇನ್ನೂರು ವರ್ಷ ಕತ್ತಲಲ್ಲಿತ್ತು.

ಮರಳುವ ದಾರಿಯಲ್ಲಿ ಯುವತಿಯೊಬ್ಬಳು ಕೇಳಿದಳು: "ಸ್ವಾಮಿ, ಸುಲ್ತಾನರ ಮನೆ ನೋಡಿದೆವು, ದೊರೆಗಳ ಮನೆ ನೋಡಿದೆವು. ಸೆರೆಯಲ್ಲಿದ್ದ ನಮ್ಮ ಜನರ ಮನೆ ಎಲ್ಲಿದೆ?" ನಮ್ಮಲ್ಲಿ ಉತ್ತರವಿರಲಿಲ್ಲ. ಗೆದ್ದವರಿಗೂ ಆಳಿದವರಿಗೂ ತೇಗದ ತೊಲೆಗಳಿದ್ದವು. ಮಣ್ಣಿನ ಗೋಡೆಯವರನ್ನು ಮಳೆ ತೊಳೆದುಹಾಕಿತು. ಬಿದ್ದುಹೋದ ಟೀಪೂವಿನ ಅರಮನೆಯೊಂದರ ತೊಲೆ ಕೂಡ ಉದಕಮಂಡಲದವರೆಗೆ ಸಾಗಿ, 1830ರ ಸುಮಾರಿಗೆ ಅಲ್ಲಿ ಎದ್ದ ಸಂತ ಸ್ತೇಫನರ ದೇವಾಲಯದ ಮಾಡನ್ನು ಹೊತ್ತು ನಿಂತಿದೆ. ಬಡವನ ಮನೆಯ ಬಿದಿರ ಗಳುವನ್ನು ಯಾರು ಹೊತ್ತೊಯ್ದಾರು?

ಈ ಪ್ರಶ್ನೆ ನಮ್ಮನ್ನು ಚುಚ್ಚಲು ಕಾರಣವಿದೆ. ಬಹಳ ವರ್ಷಗಳ ಹಿಂದೆ, ಬೇರೊಂದು ಧರ್ಮಕೇಂದ್ರದಲ್ಲಿದ್ದಾಗ, ಸೋರುತ್ತಿದ್ದ ಹಳೆಯ ಗುರುನಿವಾಸವನ್ನು ನಾವೇ ನಿಂತು ಕೆಡವಿಸಿದೆವು. ಅದರ ಅಡುಗೆಮನೆಯ ಗೋಡೆಯಲ್ಲಿ ಸಾಲುಸಾಲಾಗಿ ಇದ್ದಿಲ ಗೀರುಗಳಿದ್ದವು. ಹೊಗೆಯ ಕೊಳೆಯೆಂದು ನಾವು ಕಣ್ಣೆತ್ತಿಯೂ ನೋಡಲಿಲ್ಲ. ಗೋಡೆ ನೆಲಕ್ಕುರುಳಿದ ಮೇಲೆ ಮುದುಕ ಉಪದೇಶಿ ನಿಟ್ಟುಸಿರುಬಿಟ್ಟು ಹೇಳಿದರು: "ಅದು ಬರಗಾಲದಲ್ಲಿ ಯಾವ ಮನೆಗೆ ಎಷ್ಟು ಸೇರು ರಾಗಿ ಕೊಟ್ಟರೆಂಬ ಲೆಕ್ಕ, ಸ್ವಾಮಿ. ಒಂದೊಂದು ಸಾಲು ಒಂದೊಂದು ಮನೆ." ಯಾವ ಸಾಲು ಯಾರದೆಂದು ಕೇಳಿ ಬರೆದುಕೊಳ್ಳುವ ಮುನ್ನ ಆ ಮಳೆಗಾಲದಲ್ಲಿ ಅವರೂ ತೀರಿಕೊಂಡರು. ಆ ಊರಿನ ಬಡವರ ಚರಿತ್ರೆಯ ಏಕೈಕ ಪುಟವನ್ನು ನಮ್ಮ ಅವಸರವೇ ಹರಿದುಹಾಕಿತು.

ಪ್ರಿಯ ಬಾಂಧವರೇ, ಈ ಶತಮಾನೋತ್ಸವದ ನಂತರ ನಮ್ಮ ಹಳೆಯ ಗುರುನಿವಾಸವನ್ನು ಕೆಡವಿ ಸಭಾಭವನವನ್ನು ಕಟ್ಟುವುದೆಂದು ತಾವೆಲ್ಲ ಸೇರಿ ನಿರ್ಧರಿಸಿದ್ದೀರಿ. ಅದಕ್ಕೆ ನಮ್ಮ ವಿರೋಧವಿಲ್ಲ. ಮಕ್ಕಳಿಗೆ ಮಾಡು ಬೇಕು. ನಮ್ಮದು ಒಂದೇ ಬೇಡಿಕೆ. ಮೊದಲ ಹೆಂಚನ್ನು ಇಳಿಸುವ ಮುನ್ನ ಪ್ರತಿಯೊಂದು ಕೋಣೆಯ ಅಳತೆ ತೆಗೆಯೋಣ, ಚಿತ್ರ ತೆಗೆಯೋಣ. ಆ ಜಗಲಿಯಲ್ಲಿ ಜಪ ಕಲಿತ, ಆ ಬಾವಿಯಲ್ಲಿ ನೀರು ಸೇದಿದ, ದೇವಾಲಯದ ಅಡಿಪಾಯಕ್ಕೆ ಕಲ್ಲು ಹೊತ್ತವರ ಮಕ್ಕಳು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಬಳಿ ಕುಳಿತು ಕೇಳಿರಿ, ಹೆಸರುಗಳನ್ನು ಬರೆದುಕೊಳ್ಳಿರಿ. ಜ್ಞಾನಸ್ನಾನದ ದಫ್ತರಿನಲ್ಲಿ ಹೆಸರು, ತಾರೀಖು ಇವೆ. ಆ ಹೆಸರಿನ ಹಿಂದಿನ ಬಾಳು ಅಜ್ಜಿಯರ ನಾಲಗೆಯ ಮೇಲಿದೆ.

ನವೆಂಬರ್ ತಿಂಗಳಲ್ಲಿ ಮೃತರನ್ನು ನೆನೆದು ಸಮಾಧಿಗಳ ಮೇಲೆ ಮೇಣದ ಬತ್ತಿ ಹಚ್ಚುವ ಜನ ನಾವು. ಅವರು ಬಾಳಿದ ಬಗೆಯನ್ನು ನೆನೆಯುವುದೂ ಅದೇ ಪ್ರಾರ್ಥನೆಯ ಮುಂದುವರಿದ ಭಾಗ. ಮುಂದಿನ ನೂರು ವರ್ಷಗಳ ಬಳಿಕ ಯಾವಳೋ ಯುವತಿ ನಮ್ಮ ಜನರ ಮನೆ ಎಲ್ಲಿದೆಯೆಂದು ಕೇಳಿದರೆ, ಅಂದಿನ ಗುರುಗಳ ಕೈಯಲ್ಲಿ ತೋರಿಸಲು ಒಂದು ಪುಸ್ತಕವಾದರೂ ಇರಲಿ.