ಹಸಿರು ಬಣ್ಣ ಹೇಳಿದ ಸತ್ಯ

1934ರಲ್ಲಿ ನಾರ್ವೆಯ ಓಸ್ಲೋ ನಗರದಲ್ಲಿ ಒಬ್ಬ ತಾಯಿ ಪಟ್ಟುಬಿಡದೆ ವೈದ್ಯರಿಂದ ವೈದ್ಯರಿಗೆ ಅಲೆಯುತ್ತಿದ್ದಳು. ಹುಟ್ಟಿದಾಗ ಎಲ್ಲರಂತೆಯೇ ಇದ್ದ ಅವಳ ಮಗಳೂ ಮಗನೂ ಬರಬರುತ್ತ ಬುದ್ಧಿಮಾಂದ್ಯರಾಗಿದ್ದರು. ಅವರ ಮೂತ್ರಕ್ಕೆ ವಿಚಿತ್ರವಾದ ಮುಗ್ಗಲು ವಾಸನೆ. ಏಕೆ ಹೀಗೆ ಎಂಬ ಪ್ರಶ್ನೆಗೆ ಯಾರಲ್ಲೂ ಉತ್ತರವಿರಲಿಲ್ಲ. ಕೊನೆಗೆ ಆಕೆ ಆಸ್ಬ್ಯೋರ್ನ್ ಫೋಲಿಂಗ್ ಅವರ ಬಳಿಗೆ ಬಂದಳು. ಅವರು ಮೊದಲು ರಸಾಯನಶಾಸ್ತ್ರ, ಅನಂತರ ವೈದ್ಯಶಾಸ್ತ್ರ ಓದಿದವರು.

ಮಧುಮೇಹಿಗಳ ಮೂತ್ರದಲ್ಲಿ ಕೀಟೋನ್ ಇದೆಯೇ ಎಂದು ನೋಡಲು ಆಗ ಫೆರಿಕ್ ಕ್ಲೋರೈಡ್ ದ್ರಾವಣ ಹನಿಸುವ ರೂಢಿಯಿತ್ತು. ಕೀಟೋನ್ ಇದ್ದರೆ ಕೆಂಪು ಮಿಶ್ರಿತ ಕಂದು ಬಣ್ಣ ಬರಬೇಕು. ಈ ಮಕ್ಕಳ ಮೂತ್ರವಾದರೋ ಕಡು ಹಸಿರಾಗಿ, ಕೆಲವೇ ನಿಮಿಷಗಳಲ್ಲಿ ಬಣ್ಣ ಮಾಸಿತು. ಔಷಧಿಗಳ ಪ್ರಭಾವವಿರಬಹುದೆಂದು ಅವನ್ನೆಲ್ಲ ನಿಲ್ಲಿಸಿ ನೋಡಿದರು. ಮತ್ತೆ ಹಸಿರೇ!

ತಾಯಿ ಹೊತ್ತುತಂದ ಇಪ್ಪತ್ತು ಲೀಟರಿಗೂ ಹೆಚ್ಚು ಮೂತ್ರವನ್ನು ಫೋಲಿಂಗ್ ಶೋಧಿಸಿ ಶುದ್ಧೀಕರಿಸಿದರು. ದೊರೆತದ್ದು ಫೀನೈಲ್‌ಪೈರುವಿಕ್ ಆಮ್ಲ. ಬಳಿಕ ಆರೈಕೆ ಕೇಂದ್ರಗಳ 430 ಮಂದಿಯನ್ನು ಪರೀಕ್ಷಿಸಿದಾಗ ಇನ್ನೂ ಎಂಟು ಮಂದಿಯಲ್ಲಿ ಅದೇ ಹಸಿರು ಕಂಡಿತು. ಇದೇ ಇಂದು ನಾವು ಫೀನೈಲ್‌ಕೀಟೋನೂರಿಯ ಎನ್ನುವ ರೋಗ.

ನಮ್ಮ ಆಹಾರದ ಪ್ರೋಟೀನಿನಲ್ಲಿ ಫೀನೈಲ್ಅಲನೀನ್ ಎಂಬ ಅಮೈನೊ ಆಮ್ಲವಿದೆ. ಅದನ್ನು ಟೈರೋಸಿನ್ ಆಗಿ ಮಾರ್ಪಡಿಸುವ ಕಿಣ್ವ ಈ ಮಕ್ಕಳಲ್ಲಿ ಕೆಲಸ ಮಾಡುವುದಿಲ್ಲ. ಅದು ರಕ್ತದಲ್ಲಿ ಶೇಖರವಾಗಿ ಬೆಳೆಯುವ ಮೆದುಳನ್ನು ಕೆಡಿಸುತ್ತದೆ. ಹೆಚ್ಚಾದದ್ದರಲ್ಲಿ ಒಂದಂಶ ರೂಪಾಂತರಗೊಂಡು ಮೂತ್ರ ಸೇರುತ್ತದೆ. ಹಾಗಾದರೆ ಆಹಾರದಲ್ಲೇ ಅದನ್ನು ಕಡಿಮೆ ಮಾಡಿದರೆ? 1950ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಹೋರ್ಸ್ಟ್ ಬಿಕೆಲ್ ಮತ್ತು ಸಂಗಡಿಗರು ಒಂದು ಮಗುವಿಗೆ ಅಂಥ ಆಹಾರ ಕೊಟ್ಟು ಸುಧಾರಣೆ ಕಂಡರು.

ಈಗ ಹೊತ್ತಿಗೆ ಸರಿಯಾಗಿ ಪತ್ತೆಹಚ್ಚುವುದೇ ಮುಖ್ಯವಾಯಿತು. 1957ರಲ್ಲಿ ಅಮೆರಿಕದ ವಿಲ್ಲರ್ಡ್ ಸೆಂಟರ್‌ವಾಲ್, ಮಗುವಿನ ಒದ್ದೆ ಬಟ್ಟೆಯ ಮೇಲೆಯೇ ದ್ರಾವಣ ಹನಿಸುವ ಸುಲಭ ವಿಧಾನ ಸೂಚಿಸಿದರು. ಆದರೆ ಹಸಿರಿಗೆ ಮಿತಿಗಳಿದ್ದವು. ಅದು ಇದೆ, ಇಲ್ಲ ಎನ್ನುವುದೇ ಹೊರತು ಎಷ್ಟಿದೆ ಎನ್ನಲಾರದು. ಅದಕ್ಕಿಂತ ದೊಡ್ಡ ತೊಡಕೆಂದರೆ, ಆ ಆಮ್ಲ ಮೂತ್ರದಲ್ಲಿ ಕಾಣಿಸಿಕೊಳ್ಳಲು ಹುಟ್ಟಿದ ಮೇಲೆ ಕೆಲವು ವಾರಗಳೇ ಬೇಕಾಗಬಹುದು. ಅಷ್ಟರಲ್ಲಿ ಮೆದುಳಿಗೆ ಪೆಟ್ಟು ಬೀಳಲು ಆರಂಭವಾಗಿರುತ್ತದೆ.

1960ರ ದಶಕದ ಆರಂಭದಲ್ಲಿ ರಾಬರ್ಟ್ ಗತ್ರಿ, ಶಿಶುವಿನ ಹಿಮ್ಮಡಿಯ ರಕ್ತವನ್ನು ಸೋಸುಕಾಗದದಲ್ಲಿ ಹೀರಿಸಿ, ಬ್ಯಾಕ್ಟೀರಿಯಾದ ಬೆಳವಣಿಗೆಯಿಂದ ಫೀನೈಲ್ಅಲನೀನ್ ಪ್ರಮಾಣವನ್ನು ಅಂದಾಜಿಸುವ ಪರೀಕ್ಷೆ ರೂಪಿಸಿದರು. ಕರ್ನಾಟಕದಲ್ಲೂ 1980ರ ದಶಕದಲ್ಲಿ ನವಜಾತ ಶಿಶುಗಳ ರಕ್ತದಲ್ಲಿ ಇಂಥ ಅಮೈನೊ ಆಮ್ಲದೋಷಗಳ ಸಮೀಕ್ಷೆ ನಡೆಯಿತು. ಇಂದು ಟ್ಯಾಂಡೆಮ್ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರ ಒಣರಕ್ತದ ಒಂದೇ ಚುಕ್ಕೆಯಿಂದ ಹಲವು ದೋಷಗಳನ್ನು ಅಳೆಯುತ್ತದೆ.

ಓಸ್ಲೋದ ಆ ಎರಡು ಮಕ್ಕಳಿಗೆ ಇದಾವುದೂ ಒದಗಲಿಲ್ಲ. ತಾಯಿಗೆ ಸಿಕ್ಕಿದ್ದು ಉತ್ತರ ಮಾತ್ರ, ಮದ್ದಲ್ಲ. ಆದರೆ ಅವಳು ಕೇಳಿದ ಪ್ರಶ್ನೆಯ ಫಲ ಮುಂದೆ ಹುಟ್ಟಿದ ಸಾವಿರಾರು ಮಕ್ಕಳಿಗೆ ದಕ್ಕಿತು.