ಪುಣೆಯ ಜಲಕಾಮಗಾರಿಗಳು ಮತ್ತು ಪರಿವೀಕ್ಷಕನ ಹೊಣೆ

ಪುಣೆ ನಗರಕ್ಕೆ ನೀರೊದಗಿಸುವ ಖಡಕವಾಸಲಾ, ಪಾನಶೇತ, ವರಸಗಾಂವ ಮತ್ತು ಟೇಮಘರ ಜಲಾಶಯಗಳ ಒಟ್ಟು ಸಂಗ್ರಹಣಾ ಸಾಮರ್ಥ್ಯ ಸುಮಾರು 29 ಟಿ.ಎಂ.ಸಿ. ಬಿಬವೇವಾಡಿಯ ನಮ್ಮ ಮನೆಗಳೂ ಈ ನೀರನ್ನೇ ಅವಲಂಬಿಸಿವೆ. ಇಂತಹ ಕಾಮಗಾರಿಗಳ ಯೋಜನೆ ರೂಪಿಸಿದವರ ಹೆಸರು ಇತಿಹಾಸದಲ್ಲಿ ಉಳಿಯುವುದುಂಟು. ಸ್ಥಳದಲ್ಲಿ ನಿಂತು ಕೆಲಸವನ್ನು ಒರೆಗೆ ಹಚ್ಚುವ ಪರಿವೀಕ್ಷಕನ ಹೆಸರು ಉಳಿಯುವುದು ಅಪರೂಪ. ಆದರೆ ನಗರದ ಸುರಕ್ಷತೆ ಅವನ ಎಚ್ಚರವನ್ನು ಎಷ್ಟರಮಟ್ಟಿಗೆ ಅವಲಂಬಿಸಿದೆ ಎಂಬುದಕ್ಕೆ ಪುಣೆಯೇ ಸಾಕ್ಷಿ.

ಪರಿವೀಕ್ಷಕನ ಕೆಲಸ

ಹಿಂದೆ ‘ಓವರ್‌ಸಿಯರ್’ ಎಂದು ಕರೆಯಲಾಗುತ್ತಿದ್ದ ಈ ಅಧಿಕಾರಿಯ ಕೆಲಸ ನಕ್ಷೆಗೂ ನಿರ್ಮಾಣಕ್ಕೂ ತಾಳೆ ನೋಡುವುದು. ಮಣ್ಣಿನ ಅಣೆಕಟ್ಟೆಯಾದರೆ ಪ್ರತಿ ಪದರದ ತೇವಾಂಶ ಮತ್ತು ಗಟ್ಟಿತನವನ್ನು ಪರೀಕ್ಷಿಸಬೇಕು. ಕಾಂಕ್ರೀಟಾದರೆ ಸುರಿಯುವ ಮೊದಲು ಕಬ್ಬಿಣದ ಸರಳುಗಳನ್ನು ಎಣಿಸಬೇಕು. ಮಾದರಿ ಘನಗಳನ್ನು ತೆಗೆದಿರಿಸಿ 7 ಹಾಗೂ 28 ದಿನಗಳ ನಂತರ ಅವುಗಳ ಬಲವನ್ನು ಅಳೆಯಿಸಬೇಕು. ಕೊಳವೆ ಮಾರ್ಗವಾದರೆ ಮಣ್ಣು ಮುಚ್ಚುವ ಮುನ್ನ ನೀರು ತುಂಬಿ ಒತ್ತಡ ಪರೀಕ್ಷೆ ಮಾಡಿಸಬೇಕು. ಎಲ್ಲವೂ ಅಳತೆ ಪುಸ್ತಕದಲ್ಲಿ ದಾಖಲಾಗಬೇಕು. ಲೆಕ್ಕದ ಪುಸ್ತಕದಲ್ಲಿನ ತಪ್ಪನ್ನು ವರ್ಷದ ಕೊನೆಗಾದರೂ ಹುಡುಕಿ ತಿದ್ದಬಹುದು. ಮಣ್ಣಿನಡಿಯಲ್ಲಿ ಹುದುಗಿದ ತಪ್ಪಿಗೆ ಅಂತಹ ಎರಡನೆಯ ಅವಕಾಶವಿಲ್ಲ.

ವಿಶ್ವೇಶ್ವರಯ್ಯನವರ ದ್ವಾರಗಳು

ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಅಭಿಯಂತರ ಪದವಿ ಪಡೆದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಗೆ ಸೇರಿದರು. ಅಂದು ‘ಲೇಕ್ ಫೈಫ್’ ಎನಿಸಿದ್ದ ಖಡಕವಾಸಲಾ ಜಲಾಶಯದ ಕೋಡಿಯ ಮೇಲಿಂದ ಮಳೆಗಾಲದ ನೀರು ವ್ಯರ್ಥವಾಗಿ ಹರಿದುಹೋಗುತ್ತಿದ್ದುದನ್ನು ಅವರು ಗಮನಿಸಿದರು. ಮಟ್ಟ ಮಿತಿಮೀರಿದಾಗ ತಾವಾಗಿಯೇ ತೆರೆದು, ಇಳಿದಾಗ ಮುಚ್ಚಿಕೊಳ್ಳುವ ಸ್ವಯಂಚಾಲಿತ ದ್ವಾರಗಳನ್ನು ರೂಪಿಸಿದರು. 1903ರಲ್ಲಿ ಅಲ್ಲಿ ಅಳವಡಿಸಲಾದ ಈ ವ್ಯವಸ್ಥೆ ಮುಂದೆ ಗ್ವಾಲಿಯರ್‌ನ ತಿಗ್ರಾ ಹಾಗೂ ಕೃಷ್ಣರಾಜಸಾಗರ ಅಣೆಕಟ್ಟೆಗಳಲ್ಲಿಯೂ ಬಳಕೆಗೆ ಬಂತು. ಕಟ್ಟೆಯನ್ನು ಎತ್ತರಿಸದೆಯೇ ಸಂಗ್ರಹ ಹೆಚ್ಚಿತು. ಸ್ಥಳದಲ್ಲಿ ನಿಂತು ಕಣ್ಣಾರೆ ನೋಡಿದ್ದರ ಫಲವಿದು.

ಪಾನಶೇತ, 1961

ಆಂಬಿ ನದಿಗೆ ಅಡ್ಡಲಾಗಿ ಪಾನಶೇತದ ಮಣ್ಣಿನ ಅಣೆಕಟ್ಟೆಯ ಕೆಲಸ 1957ರಲ್ಲಿ ಆರಂಭವಾಯಿತು. ಕಾಮಗಾರಿ ಪೂರ್ಣಗೊಳ್ಳುವ ಮೊದಲೇ, 1961ರ ಮಳೆಗಾಲದಲ್ಲಿ ಅದರಲ್ಲಿ ನೀರು ತುಂಬಿಕೊಂಡಿತು. ಹೊರಹರಿವಿನ ದ್ವಾರಗಳ ಜೋಡಣೆ ಮುಗಿದಿರಲಿಲ್ಲ. ಕಟ್ಟೆಯ ಅಡಿಯಲ್ಲಿ ಹಾಯುವ ತೂಬಿಗೆ ಬೇಕಾಗಿದ್ದ ಕಬ್ಬಿಣ ಹೆಣೆದ ಕಾಂಕ್ರೀಟಿನ ಬದಲು ಸರಳಿಲ್ಲದ ಕಾಂಕ್ರೀಟ್ ಇಟ್ಟಿಗೆಗಳನ್ನು ಬಳಸಲಾಗಿತ್ತು. ಮಳೆ ಬಿರುಸಾಗಿ ನೀರು ವೇಗದಿಂದ ಏರಿದಂತೆ ತೂಬಿನ ಮೇಲಿನ ಮಣ್ಣು ಕುಸಿಯತೊಡಗಿತು. ಸೈನಿಕರು ಮರಳಿನ ಚೀಲಗಳನ್ನು ಪೇರಿಸಿ ಕಟ್ಟೆಯನ್ನು ಕೆಲವು ಗಂಟೆಗಳ ಕಾಲ ಹಿಡಿದು ನಿಲ್ಲಿಸಿದರು. ಹಾಗಾಗಿ ಜಲಪ್ರವಾಹ ನಗರವನ್ನು ಹೊಕ್ಕಿದ್ದು ನಡುರಾತ್ರಿಯಲ್ಲಲ್ಲ, ಹಗಲಿನಲ್ಲಿ. ಇದರಿಂದ ಅನೇಕ ಜೀವಗಳು ಉಳಿದವು.

ಜುಲೈ 12ರಂದು ಪಾನಶೇತ ಒಡೆಯಿತು. ಅದರ ಹೊಡೆತಕ್ಕೆ ಕೆಳಗಿನ ಖಡಕವಾಸಲಾ ಕಟ್ಟೆಯೂ ಒಡೆಯಿತು. ನದಿತೀರದ ಪೇಠೆಗಳು ಮುಳುಗಿದವು. ಮನೆ ಕಳೆದುಕೊಂಡವರಿಗಾಗಿ ಪರ್ವತಿ, ಗೋಖಲೆನಗರ ಮತ್ತು ನಮ್ಮ ನೆರೆಯ ಸಹಕಾರನಗರದಲ್ಲಿ ಹೊಸ ವಸತಿಗಳು ಎದ್ದವು. ಶತಾಯುಷಿ ವಿಶ್ವೇಶ್ವರಯ್ಯನವರು ಆಗ ಬೆಂಗಳೂರಿನಲ್ಲಿದ್ದರು. 1962ರ ಏಪ್ರಿಲ್ 14ರಂದು ನಿಧನರಾದರು. ದುರಂತದ ತನಿಖೆ ನ್ಯಾಯಮೂರ್ತಿ ಬಾವಡೇಕರ್ ಅವರಿಂದ ಆರಂಭಗೊಂಡು, ಅವರ ನಿಧನಾನಂತರ ನ್ಯಾಯಮೂರ್ತಿ ನಾಯಕ್ ಅವರ ಆಯೋಗದಿಂದ ಮುಂದುವರಿಯಿತು. ಎರಡೂ ಅಣೆಕಟ್ಟೆಗಳನ್ನು ನಂತರ ಪುನರ್ನಿರ್ಮಿಸಲಾಯಿತು.

ಉಳಿದ ಪಾಠ

ಪಾಠ ಒಮ್ಮೆಗೇ ಮುಗಿಯಲಿಲ್ಲ. 2016ರಲ್ಲಿ ಟೇಮಘರ ಅಣೆಕಟ್ಟೆಯಿಂದ ನೀರು ವಿಪರೀತವಾಗಿ ಸೋರಿದಾಗ ಗುತ್ತಿಗೆದಾರರು ಹಾಗೂ ಅಭಿಯಂತರರ ಮೇಲೆ ಪೊಲೀಸ್ ಮೊಕದ್ದಮೆ ದಾಖಲಾಯಿತು. ಬಿರುಕುಗಳೊಳಗೆ ಸಿಮೆಂಟ್ ದ್ರಾವಣ ತುಂಬಿ ದುರಸ್ತಿ ಕೈಗೊಳ್ಳಲಾಯಿತು. ಕಟ್ಟುವಾಗಲೇ ತಡೆಯಬಹುದಾದ ದೋಷಕ್ಕೆ ನಂತರ ತೆರುವ ಬೆಲೆ ಹಲವು ಪಟ್ಟು.

ಗಡುವು ಸಮೀಪಿಸಿದಾಗ, ಸಾಮಗ್ರಿ ಸಾಲದಾದಾಗ ‘ಇದು ಸರಿಯಿಲ್ಲ, ಕೆಲಸ ನಿಲ್ಲಿಸಿ’ ಎಂದು ಬರೆದು ಸಹಿ ಹಾಕುವ ಧೈರ್ಯವೇ ಪರಿವೀಕ್ಷಕನ ನಿಜವಾದ ಅರ್ಹತೆ. ಆ ಮಾತಿಗೆ ಮೇಲಿನವರು ಕಿವಿಗೊಡುವುದೂ ಅಷ್ಟೇ ಅವಶ್ಯ. ನಮ್ಮ ವಸತಿ ಸಂಘಗಳಲ್ಲಿ ನೀರಿನ ತೊಟ್ಟಿ ಕಟ್ಟಿಸುವಾಗ, ಕೊಳವೆ ಬದಲಾಯಿಸುವಾಗ ಇದೇ ನಿಯಮವನ್ನು ನಾವೂ ಪಾಲಿಸಬಹುದು: ಮಣ್ಣು ಮುಚ್ಚುವ ಮುನ್ನ ಪರೀಕ್ಷೆ ಆಗಲಿ, ಅದರ ದಾಖಲೆ ಸಂಘದ ಕೈಯಲ್ಲಿರಲಿ.