ಗಣಕಯಂತ್ರ ಪಾಠ ಹೇಳಿದರೆ ಅಂಕ ಏರೀತೇ?

ಬೆಂಗಳೂರಿನ ಪೂರ್ವಕ್ಕಿರುವ ವೈಟ್‌ಫೀಲ್ಡ್ ಹುಟ್ಟಿದ್ದು ಬೇಸಾಯಕ್ಕಾಗಿ. ಡಿ. ಎಸ್. ವೈಟ್ ಮುಂದಾಳತ್ವದ ಆಂಗ್ಲೋ-ಇಂಡಿಯನ್ ಸಂಘಕ್ಕೆ ಮೈಸೂರಿನ ಮಹಾರಾಜ ಹತ್ತನೇ ಚಾಮರಾಜ ಒಡೆಯರು 1882ರಲ್ಲಿ 3,900 ಎಕರೆ ಭೂಮಿ ನೀಡಿದರು. ಶತಮಾನ ಉರುಳಿದ ಮೇಲೆ ಇದೇ ಸೀಮೆಯಲ್ಲಿ ಐಟಿಪಿಎಲ್ ಕಟ್ಟಡಗಳು ಎದ್ದವು. ಬೆಂಗಳೂರಿನ ಐಐಐಟಿ 1999ರಲ್ಲಿ ತರಗತಿ ಆರಂಭಿಸಿದ್ದು ಅಲ್ಲಿಯೇ. ಅದು ಎಲೆಕ್ಟ್ರಾನಿಕ್ ಸಿಟಿಗೆ ಹೋದದ್ದು 2003ರಲ್ಲಿ. ಹೀಗೆ ರಾಗಿ ಬೆಳೆಯುವ ಸೀಮೆಗೆ ಕಂಪ್ಯೂಟರ್ ವಿದ್ಯೆ ಕಾಲಿಟ್ಟಿತು. ಆದರೆ ಕಂಪ್ಯೂಟರನ್ನು ಕಲಿಯುವುದು ಬೇರೆ, ಕಂಪ್ಯೂಟರಿನ ಮೂಲಕ ಕಲಿಯುವುದು ಬೇರೆ. ಎರಡನೆಯದರಿಂದ ಕಾಲೇಜು ವಿದ್ಯಾರ್ಥಿಯ ಅಂಕ ಏರುತ್ತದೆಯೇ?

ಈ ಪ್ರಶ್ನೆಗೆ ಐಟಿಪಿಎಲ್‌ಗಿಂತಲೂ ಹೆಚ್ಚು ವಯಸ್ಸಾಗಿದೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಬಿಟ್ಜರ್ 1960ರಲ್ಲಿ 'ಪ್ಲೇಟೊ' ಎಂಬ ವ್ಯವಸ್ಥೆ ರೂಪಿಸಿದರು. ವಿದ್ಯಾರ್ಥಿ ತೆರೆಯ ಮುಂದೆ ಕುಳಿತು ಉತ್ತರ ಒತ್ತಿದರೆ, ಸರಿಯೋ ತಪ್ಪೋ ಎಂಬುದನ್ನು ಯಂತ್ರ ಕೂಡಲೇ ಹೇಳುತ್ತಿತ್ತು. ಇಂಥ ಪ್ರಯೋಗಗಳು ಹೆಚ್ಚಿದಂತೆ, ಜೇಮ್ಸ್ ಕುಲಿಕ್ ಮತ್ತು ಸಂಗಡಿಗರು ಕಾಲೇಜು ಮಟ್ಟದ 59 ಅಧ್ಯಯನಗಳನ್ನು ಒಟ್ಟುಗೂಡಿಸಿ 1980ರಲ್ಲಿ ಲೆಕ್ಕ ಹಾಕಿದರು. ಅಂಕಗಳಲ್ಲಿ ಏರಿಕೆ ಇದ್ದದ್ದು ನಿಜ, ಆದರೆ ಅದು ಅಲ್ಪ. ಕಲಿಯಲು ತಗಲುವ ಸಮಯ ಮಾತ್ರ ಗಣನೀಯವಾಗಿ ಇಳಿದಿತ್ತು.

ಇದಕ್ಕೆ ಕಾರಣ ಸರಳ. ದೊಡ್ಡ ತರಗತಿಯಲ್ಲಿ ವಿದ್ಯಾರ್ಥಿ ಮಾಡಿದ ತಪ್ಪು ಅಧ್ಯಾಪಕರ ಕಣ್ಣಿಗೆ ಬೀಳುವುದು ಪರೀಕ್ಷೆಯ ಹೊತ್ತಿಗೆ. ಯಂತ್ರ ಅದನ್ನು ಆ ಕ್ಷಣದಲ್ಲೇ ತೋರಿಸುತ್ತದೆ. ಹತ್ತು ಸಲ ಕೇಳಿದರೂ ಬೇಸರಿಸದು. ಎದ್ದು ನಿಂತು ಪ್ರಶ್ನಿಸಲು ಅಂಜುವವರಿಗೆ ಇದು ದೊಡ್ಡ ಆಸರೆ. ಆದರೆ ವಿದ್ಯಾರ್ಥಿ ಏಕೆ ಎಡವಿದ, ಎಡವಿದ್ದು ಗಣಿತದಲ್ಲೋ ಇಂಗ್ಲಿಷಿನಲ್ಲೋ ಎಂಬುದನ್ನು ಎದುರಿಗಿರುವ ಗುರು ಗ್ರಹಿಸುವಂತೆ ಯಂತ್ರ ಗ್ರಹಿಸುವುದು ಕಷ್ಟ. ಕನ್ನಡ ಮಾಧ್ಯಮದಲ್ಲಿ ಓದಿ ಎಂಜಿನಿಯರಿಂಗ್ ಸೇರಿದವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಕರ್ನಾಟಕದ ಅನುಭವವೂ ಗಮನಾರ್ಹ. ಶಿಕ್ಷಣಕ್ಕೆಂದೇ ಮೀಸಲಾದ 'ಎಜುಸ್ಯಾಟ್' ಉಪಗ್ರಹ 2004ರ ಸೆಪ್ಟೆಂಬರ್ 20ರಂದು ಗಗನಕ್ಕೇರಿತು. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಅದರ ಮೊದಲ ಬಳಕೆದಾರರಲ್ಲಿ ಒಂದು. ಒಳ್ಳೆಯ ಅಧ್ಯಾಪಕರ ಪಾಠ ದೂರದ ಕಾಲೇಜಿಗೂ ತಲುಪಲೆಂಬುದು ಆಶಯವಾಗಿತ್ತು. ಶಾಲೆಗಳ ಮಟ್ಟದಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ 2001ರ ನಂತರ ಸಿ.ಡಿ. ಪಾಠಗಳನ್ನು ಸರ್ಕಾರಿ ಶಾಲೆಗಳಿಗೆ ಒಯ್ದಿತು. ಕೆಲವು ವರ್ಷಗಳಲ್ಲಿ ತಂತ್ರಜ್ಞಾನದ ಮಿತಿಯನ್ನು ಕಂಡುಕೊಂಡು, ಶಿಕ್ಷಕರನ್ನು ಸಜ್ಜುಗೊಳಿಸುವತ್ತ ತಿರುಗಿತು.

ಗುಟ್ಟು ಎಲ್ಲಿದೆ ಎಂಬುದಕ್ಕೆ ಗುಜರಾತಿನ ಶಾಲೆಗಳ ಬಗ್ಗೆ ಲೀ ಲಿಂಡನ್ 2008ರಲ್ಲಿ ಮಂಡಿಸಿದ ಅಧ್ಯಯನ ಸುಳಿವು ಕೊಟ್ಟಿತು. ಶಾಲೆಯ ಅವಧಿಯ ಹೊರಗೆ ಕಂಪ್ಯೂಟರ್ ಪಾಠ ಕಲಿತ ಮಕ್ಕಳ ಅಂಕ ಏರಿತು. ಶಿಕ್ಷಕರ ಪಾಠದ ಬದಲಿಗೆ ಅದನ್ನೇ ಇಟ್ಟಲ್ಲಿ ಅಂಕ ಇಳಿಯಿತು. ಯಂತ್ರ ಒಂದೇ, ಪಾಠವೂ ಒಂದೇ; ಬಳಸಿದ ಬಗೆ ಮಾತ್ರ ಬೇರೆ.

ಇದು ಶಾಲಾ ಮಕ್ಕಳ ವಿಷಯವಾದರೂ ಕಾಲೇಜುಗಳು ಮರೆಯಬಾರದ ಮಾತು. ವಿಶ್ವವಿದ್ಯಾಲಯ ಅನುದಾನ ಆಯೋಗ 2016ರಲ್ಲಿ ಪದವಿಯ ಶೇ 20ರಷ್ಟು ಕ್ರೆಡಿಟ್‌ಗಳನ್ನು 'ಸ್ವಯಂ' ಆನ್‌ಲೈನ್ ಕೋರ್ಸ್‌ಗಳಿಂದ ಪಡೆಯಲು ಅವಕಾಶ ನೀಡಿತು. 2021ರಲ್ಲಿ ಅದನ್ನು ಶೇ 40ಕ್ಕೆ ಏರಿಸಿತು. ಅಧ್ಯಾಪಕರ ಪಾಠಕ್ಕೆ ಇದು ಪೂರಕವಾದರೆ ವಿದ್ಯಾರ್ಥಿಗೆ ಲಾಭ. ಖಾಲಿ ಹುದ್ದೆಯನ್ನು ಮುಚ್ಚಿಡುವ ಪರದೆಯಾದರೆ, ನಷ್ಟದ ಬಾಬತ್ತು ಸೇರುವುದು ವಿದ್ಯಾರ್ಥಿಯ ಅಂಕಪಟ್ಟಿಗೇ.